ತೂಕದ ಬೆಲೆ, ಕಾಲದ ಬೆಲೆ: ಭಾನುವಾರದ ಗುಜರಿ ಪೇಟೆಯಲ್ಲಿ ಹಳೆಯ ವಸ್ತುಗಳನ್ನು ಆರಿಸುವ ಬಗೆ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಅವೆನ್ಯೂ ರಸ್ತೆ ಮತ್ತು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ, ಭಾನುವಾರ ಬೆಳಗಿನ ಹೊತ್ತು ಮುಚ್ಚಿದ ಅಂಗಡಿಗಳ ಮುಂದೆ ಇನ್ನೊಂದು ಪೇಟೆ ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಒಂದೇ ಟಾರ್ಪಾಲಿನ ಮೇಲೆ ಕೆಟ್ಟ ಮಿಕ್ಸಿ, ಚಾರ್ಜರಿನ ತಂತಿಗಳು, ತುಕ್ಕು ಹಿಡಿದ ಬೀಗಗಳು ಇರುತ್ತವೆ, ಅವುಗಳ ನಡುವೆ ಯಾರದೋ ಮನೆಯ ಅಟ್ಟದಿಂದ ಇಳಿದ, ಧಾನ್ಯ ಅಳೆಯುವ ಹಿತ್ತಾಳೆಯ ಪಾವು ಕೂಡ ಇರುತ್ತದೆ. ಅದನ್ನು ಮಾರುವವನು ತಕ್ಕಡಿಯ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ, ಅದೇ ಪಾವು ಅಲಂಕಾರದ ವಸ್ತುಗಳ ಅಂಗಡಿಯ ಗಾಜಿನ ಕಪಾಟನ್ನು ಸೇರಿದರೆ ವಯಸ್ಸಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ತೂಕದ ಬೆಲೆಗೂ ಕಾಲದ ಬೆಲೆಗೂ ನಡುವಿನ ಈ ಅಂತರದಲ್ಲಿಯೇ ಅಗ್ಗದ ಒಳ್ಳೆಯ ವಸ್ತು ಸಿಗುತ್ತದೆ, ಮೋಸ ಹೋಗುವುದೂ ಅಲ್ಲಿಯೇ. ಆದ್ದರಿಂದ ಯಾವುದೇ ವಸ್ತುವನ್ನು ಕೈಗೆತ್ತಿಕೊಂಡಾಗ, ತನಗೆ ಹೇಳುತ್ತಿರುವುದು ಈ ಎರಡರಲ್ಲಿ ಯಾವ ಬೆಲೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಹೊಸದಾಗಿ ಹೋಗುವವರು ಎಲ್ಲವನ್ನೂ ಹುಡುಕಲು ಹೊರಡದೆ, ಒಂದು ಬಗೆಯ ವಸ್ತುವನ್ನು ಆರಿಸಿಕೊಂಡು ಕೆಲವು ವಾರ ಏನನ್ನೂ ಕೊಳ್ಳದೆ ಬರಿಯ ಕಣ್ಣಿನಿಂದ ನೋಡಿ ಬರುವುದು ಒಳ್ಳೆಯದು. ನಾನು ಮನೆಬಳಕೆಯ ಲೋಹದ ಪಾತ್ರೆಗಳಿಂದ ಪ್ರಾರಂಭಿಸಿದೆ. ನಮ್ಮ ನಾಡಿನಲ್ಲಿ ಅವು ಹೇರಳವಾಗಿವೆ, ಅವುಗಳ ಗುಣವನ್ನು ಕೈಯೇ ಕಲಿಸುತ್ತದೆ, ಮತ್ತು ತಪ್ಪಿದರೂ ಲೋಹದ ಬೆಲೆಯಾದರೂ ಉಳಿಯುತ್ತದೆ. ಬೆಳಕು ಹರಿಯುವ ಮೊದಲೇ ಹೋಗುವುದಾದರೆ ಚಿಕ್ಕ ಟಾರ್ಚ್, ಬೀಗದ ಕೈ ಗೊಂಚಲಿಗೆ ಸಿಕ್ಕಿಸಿದ ಅಯಸ್ಕಾಂತ, ಭೂತಗನ್ನಡಿ, ಒದ್ದೆ ಬಟ್ಟೆಯ ತುಂಡು, ಬಟ್ಟೆಯ ಚೀಲ, ಮತ್ತು ಹತ್ತು ಇಪ್ಪತ್ತು ಐವತ್ತರ ನೋಟುಗಳು ಜೊತೆಯಲ್ಲಿರಲಿ. ಇಂದು ಬಹುಪಾಲು ಕಡೆ ಫೋನಿನಲ್ಲಿಯೇ ಹಣ ಕೊಡಬಹುದಾದರೂ, ಚೌಕಾಸಿಯ ಕೊನೆಯಲ್ಲಿ ಕೈಯಲ್ಲಿ ಹಿಡಿದ ನೋಟಿಗೆ ಬೇರೆಯದೇ ತೂಕವಿರುತ್ತದೆ.

ಲೋಹದ ವಿಷಯಕ್ಕೆ ಬಂದರೆ ಮೊದಲ ಪರೀಕ್ಷೆ ಅಯಸ್ಕಾಂತದ್ದು. ಹಿತ್ತಾಳೆ, ತಾಮ್ರ, ಕಂಚುಗಳಿಗೆ ಅಯಸ್ಕಾಂತ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರಿಯ ಲೇಪ. ಎರಡನೆಯದು ನಾದ. ಪಾತ್ರೆಯನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಉಗುರಿನಿಂದ ತಟ್ಟಿದರೆ, ತಾಮ್ರಕ್ಕೆ ತವರ ಬೆರೆಸಿ ಮಾಡಿದ ಕಂಚು ಗಂಟೆಯಂತೆ ದೀರ್ಘವಾಗಿ ಮೊಳಗುತ್ತದೆ, ಸತು ಬೆರೆತ ಹಿತ್ತಾಳೆಯ ನಾದ ಅದಕ್ಕಿಂತ ಬೇಗ ಅಡಗುತ್ತದೆ. ಬಿರುಕು ಬಿಟ್ಟ ಪಾತ್ರೆಯ ದನಿ ಒಡೆದೇ ಕೇಳಿಸುವುದರಿಂದ, ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ಮೂರನೆಯದು ಸವೆತ, ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಬಹುಕಾಲ ಬಳಸಿದ ಚೊಂಬು ಕೈ ಹಿಡಿಯುವ ಕಂಠದಲ್ಲಿ ನುಣುಪಾಗಿರುತ್ತದೆ, ತಳದ ಅಂಚು ನೆಲಕ್ಕೆ ಉಜ್ಜಿ ತೆಳುವಾಗಿರುತ್ತದೆ, ಅಡಕೊತ್ತಿನ ಹಿಡಿ ಹೆಬ್ಬೆರಳು ಕೂರುವ ಜಾಗದಲ್ಲಿ ತಗ್ಗಾಗಿರುತ್ತದೆ. ಹೊಸ ವಸ್ತುವಿಗೆ ರಾಸಾಯನಿಕ ಬಳಿದು ಹಳೆಯದೆಂದು ಮಾರುವವರು ಕಪ್ಪನ್ನೂ ಹಸಿರನ್ನೂ ತರಬಲ್ಲರು, ಆದರೆ ಆ ಬಣ್ಣ ಎಲ್ಲ ಕಡೆ ಒಂದೇ ಸಮನಾಗಿ ಕೂತಿರುತ್ತದೆ, ಹಲವು ಬಾರಿ ಒದ್ದೆ ಬಟ್ಟೆಗೂ ಬಂದುಬಿಡುತ್ತದೆ. ಕೈ ತಾಕದ ಜಾಗವೂ ಸವೆದಿದ್ದು, ಕೈ ತಾಕುವ ಜಾಗ ಒರಟಾಗಿದ್ದರೆ ಅದನ್ನು ಅಲ್ಲಿಯೇ ಇಟ್ಟುಬಿಡಿ.

ನಮ್ಮ ಪಾತ್ರೆಗಳಲ್ಲಿ ಇನ್ನೊಂದು ಸಾಕ್ಷಿಯೂ ಇರುತ್ತದೆ. ಮದುವೆ, ಗೃಹಪ್ರವೇಶಗಳಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಕೊಟ್ಟವರ ಹೆಸರನ್ನೂ ಕೆಲವೊಮ್ಮೆ ದಿನಾಂಕವನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆಸುವ ರೂಢಿಯಿತ್ತು. ಆ ಬರಹವನ್ನು ದೋಷವೆಂದು ಬಗೆದು ಬೆಲೆ ಇಳಿಸುವ ಮಾರಾಟಗಾರರಿದ್ದಾರೆ, ಉಜ್ಜಿ ಅಳಿಸಿಕೊಡುತ್ತೇನೆ ಎನ್ನುವವರೂ ಇದ್ದಾರೆ. ದಯವಿಟ್ಟು ಅಳಿಸಲು ಬಿಡಬೇಡಿ. ವಸ್ತುವಿನ ವಯಸ್ಸನ್ನು ಅದೇ ಹೇಳುತ್ತದೆ, ಅದು ಯಾವುದೋ ಒಂದು ಮನೆಯದಾಗಿತ್ತು ಎಂಬುದಕ್ಕೆ ಉಳಿದಿರುವ ಗುರುತೂ ಅದೊಂದೇ. ಅಳತೆಯ ಪಾತ್ರೆಗಳಾದ ಸೇರು, ಪಾವು, ಚಟಾಕುಗಳ ಅಂಚಿನಲ್ಲಿ ಅಧಿಕಾರಿಗಳು ಪರೀಕ್ಷಿಸಿ ಒತ್ತಿದ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ಹುಡುಕಬೇಕು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಬಂದು ಸೇರು ಪಾವುಗಳು ಅಧಿಕೃತ ವ್ಯಾಪಾರದಿಂದ ಹೊರಬಿದ್ದವು, ಆದ್ದರಿಂದ ಮುದ್ರೆಯಿರುವ ಸೇರು ಅದಕ್ಕಿಂತ ಹಿಂದಿನದಾಗಿರುವ ಸಂಭವವೇ ಹೆಚ್ಚು.

ಪಾತ್ರೆ ಹುಡುಕುವವರು ಭಾನುವಾರದ ಪೇಟೆಗಷ್ಟೇ ಕಾಯಬೇಕಾಗಿಲ್ಲ. ಹಳೆಯ ಹಿತ್ತಾಳೆ ತಾಮ್ರವನ್ನು ತೂಕಕ್ಕೆ ತೆಗೆದುಕೊಂಡು ಹೊಸ ಸ್ಟೀಲು ಕೊಡುವ ಪಾತ್ರೆ ಅಂಗಡಿಗಳು ಬಹಳಷ್ಟು ಊರುಗಳಲ್ಲಿ ಇವೆ. ಹಾಗೆ ಬಂದ ಹಂಡೆ, ಕೊಳಗ, ತಪ್ಪಲೆ, ಶಾವಿಗೆ ಒರಳು, ದೀಪದ ಕಂಬಗಳು ಅಂಗಡಿಯ ಹಿಂಬದಿಯಲ್ಲಿ ಕೆಲವು ದಿನ ರಾಶಿ ಬಿದ್ದಿದ್ದು, ಆಮೇಲೆ ಕರಗಲು ಹೋಗುತ್ತವೆ. ಅಂಗಡಿಯವರ ಬಳಿ ವಿನಯವಾಗಿ, "ಅಣ್ಣಾ, ಹಳೇ ಸಾಮಾನು ಬಂದಿದ್ದರೆ ಕರಗಿಸೋಕೆ ಕಳಿಸೋ ಮುಂಚೆ ಒಂದು ಸಲ ನೋಡಬಹುದಾ?" ಎಂದು ಕೇಳಿದರೆ ಬಹಳ ಮಂದಿ ಬೇಡವೆನ್ನುವುದಿಲ್ಲ. ಅವರು ಕೊಂಡ ತೂಕದ ಬೆಲೆಯ ಮೇಲೆ ಸ್ವಲ್ಪ ಲಾಭ ಸೇರಿಸಿ ಕೊಟ್ಟರೂ ಅದು ನ್ಯಾಯವಾದ ಬೆಲೆಯೇ. ನೂರು ವರ್ಷ ಮನೆಯೊಂದರ ನೀರು ಕಾಯಿಸಿದ ಹಂಡೆ ಕುಲುಮೆಗೆ ಹೋಗುವುದನ್ನು ತಡೆಯಲು ಇರುವ ಕೊನೆಯ ಅವಕಾಶವೂ ಅದೇ, ನನಗೆ ಈ ಹುಡುಕಾಟ ಮುಖ್ಯವಾಗಿರುವುದು ಈ ಕಾರಣಕ್ಕಾಗಿ.

ಕೊಂಡ ಪಾತ್ರೆಯಲ್ಲಿ ಅಡುಗೆ ಮಾಡುವ ಉದ್ದೇಶವಿದ್ದರೆ ಒಳಗಿನ ಕಲಾಯಿಯನ್ನು ನೋಡಬೇಕು. ತವರದ ಲೇಪ ಸವೆದ ಹಿತ್ತಾಳೆ ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡಿದರೆ ಲೋಹ ಆಹಾರದಲ್ಲಿ ಸೇರುತ್ತದೆ. ಕಲಾಯಿ ಹಾಕುವವರು ಈಗ ವಿರಳವಾದ ಕಾರಣ, ಅವರು ನಿಮ್ಮ ಊರಿನಲ್ಲಿ ಸಿಗುತ್ತಾರೆಯೇ ಎಂದು ವಿಚಾರಿಸಿಯೇ ಕೊಳ್ಳಿ. ಬೆಸುಗೆ ಹಾಕಿ ರಿಪೇರಿ ಮಾಡಿದ ಪಾತ್ರೆಯಲ್ಲಿ ಸೀಸ ಇರಬಹುದಾದುದರಿಂದ ಅದು ಅಡುಗೆಗೆ ಬೇಡ, ಗಿಡ ಇಡಲು ಸಾಕು.

ಕೈಗಡಿಯಾರಗಳ ರಾಶಿಯ ಮುಂದೆ ನಿಂತಾಗ ಹೆಚ್ಚು ಎಚ್ಚರ ಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಎಚ್‌ಎಂಟಿ ಗಡಿಯಾರಗಳ ತಯಾರಿಕೆಗೆ 2016ರಲ್ಲಿ ಕೇಂದ್ರ ಸರ್ಕಾರ ತೆರೆ ಎಳೆಯಲು ತೀರ್ಮಾನಿಸಿದಾಗ, ಜನತಾ, ಪೈಲಟ್, ಸೋನಾ ಮುಂತಾದ ಮಾದರಿಗಳಿಗೆ ಇದ್ದಕ್ಕಿದ್ದಂತೆ ಬೇಡಿಕೆ ಹೆಚ್ಚಿತು. ಆ ಬೇಡಿಕೆಯನ್ನು ಪೂರೈಸಲು ಹಳೆಯ ಡಯಲನ್ನು ಉಜ್ಜಿ, ಹೊಸ ಬಣ್ಣ ಹಚ್ಚಿ, ಮೇಲೆ ಹೆಸರು ಅಚ್ಚು ಹಾಕಿದ ಗಡಿಯಾರಗಳು ಪೇಟೆಗೆ ಬಂದವು. ನಾನು ಕೊಂಡ ಮೊದಲ ಪೈಲಟ್ ಅಂಥದ್ದೇ ಆಗಿತ್ತು. ಕಡು ನೀಲಿಯ ಹೊಳಪಿಗೆ ಮರುಳಾಗಿ, ಕೇಳಿದಷ್ಟು ಕೊಟ್ಟು ತಂದು ರಿಪೇರಿ ಮಾಡುವವರಿಗೆ ತೋರಿಸಿದಾಗ, ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನಿಮಿಷದ ಗೆರೆಗಳು ಅಂಕಿಗಳ ನೇರಕ್ಕೆ ಕೂತಿಲ್ಲ ಎಂಬುದನ್ನೂ, ಅಕ್ಷರಗಳ ಅಂಚು ಹರಡಿಕೊಂಡಿರುವುದನ್ನೂ ತೋರಿಸಿಕೊಟ್ಟರು. ಈ ಎರಡು ಗುರುತುಗಳನ್ನು ನೆನಪಿಡಿ. ಡಯಲಿನ ಬಣ್ಣ ಮಾಸಿದ್ದರೂ ಬರಹ ಸೂಕ್ಷ್ಮವಾಗಿ, ಸಮನಾಗಿ ಇದ್ದರೆ ಅದು ಒಳ್ಳೆಯ ಲಕ್ಷಣ. ಕೀಲಿ ಕೊಟ್ಟಾಗ ಸೆಕೆಂಡಿನ ಮುಳ್ಳು ತಡವರಿಸದೆ ಓಡಬೇಕು, ಹಿಂಬದಿಯ ಮುಚ್ಚಳ ತೆಗೆದು ತೋರಿಸಲು ಮಾರುವವರು ಒಪ್ಪಬೇಕು, ಒಳಗಿನ ಯಂತ್ರದ ಮೇಲೂ ಎಚ್‌ಎಂಟಿಯ ಗುರುತು ಇರಬೇಕು.

ಗ್ರಾಮಫೋನಿನಲ್ಲಿ ಇದಕ್ಕಿಂತ ದೊಡ್ಡ ಮೋಸ ನಡೆಯುತ್ತದೆ. ಥಳಥಳಿಸುವ ಹಿತ್ತಾಳೆಯ ಕೊಂಬು, ಹೊಸದಾಗಿ ಪಾಲಿಶ್ ಮಾಡಿದ ಮರದ ಪೆಟ್ಟಿಗೆ, ಎಚ್‌ಎಂವಿ ಕಂಪನಿಯ ನಾಯಿಯ ಚಿತ್ರದ ಹೊಚ್ಚ ಹೊಸ ಬಿಲ್ಲೆ ಇರುವ ಯಂತ್ರಗಳು ಬಹುತೇಕ ಈಚೆಗೆ ಜೋಡಿಸಿದವು. ಹಾಡು ಕೇಳುವ ಆಸೆಯಿದ್ದವರು ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಯಂತ್ರಗಳನ್ನು, ಉದಾಹರಣೆಗೆ ಎಚ್‌ಎಂವಿಯ 102ನೆಯ ಮಾದರಿಯನ್ನು, ಹುಡುಕುವುದು ಲೇಸು. ನೋಟಕ್ಕೆ ಅಷ್ಟು ಆಕರ್ಷಕವಲ್ಲದ ಕಾರಣ ಅವುಗಳನ್ನು ನಕಲು ಮಾಡುವವರು ಕಡಿಮೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಹಾಡಿನ ತಟ್ಟೆಗಳನ್ನು ಅಂಚು ಹಿಡಿದು ಓರೆ ಬೆಳಕಿನಲ್ಲಿ ನೋಡಿ, ಗೆರೆಗಳು ಬೂದು ಬಣ್ಣಕ್ಕೆ ತಿರುಗಿದ್ದರೆ ಮುಳ್ಳು ಅವುಗಳನ್ನು ಸವೆಸಿದೆ ಎಂದರ್ಥ. ಅರಗಿನಿಂದ ಮಾಡಿದ ಈ ತಟ್ಟೆಗಳನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಆಲ್ಕೊಹಾಲಿನಲ್ಲಿ ಅರಗು ಕರಗುತ್ತದೆ. ವಾಲ್ವ್ ರೇಡಿಯೊ ಕೊಂಡರೆ, ಹಾಡುತ್ತದೆಯೋ ಇಲ್ಲವೋ ನೋಡುವ ಆತುರದಲ್ಲಿ ವಿದ್ಯುತ್ತಿಗೆ ಸಿಕ್ಕಿಸಬೇಡಿ. ದಶಕಗಳ ಕಾಲ ಸುಮ್ಮನಿದ್ದ ಕೆಪಾಸಿಟರುಗಳು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು, ಕೆಟ್ಟಿದ್ದರೆ ಯಂತ್ರವೂ ಸುಡುತ್ತದೆ, ಕೈಗೂ ಅಪಾಯ.

ನಾಣ್ಯಗಳ ವಿಷಯದಲ್ಲಿ ಹೇಳಬೇಕಾದುದು ಒಂದೇ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಒಂದಾಣೆ ಅಥವಾ ಎರಡಾಣೆ ಎಂಬ ಬರಹ, ಹಿಂಬದಿಯಲ್ಲಿ ರಾಮದರ್ಬಾರ್ ಅಥವಾ ಹನುಮಂತನ ಚಿತ್ರ ಇರುವ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಲಿಲ್ಲ. ಅಕ್ಕಿಯನ್ನು ಸೆಳೆಯುತ್ತದೆ, ಸಂಪತ್ತು ತರುತ್ತದೆ ಎಂಬ ಮಾತಿನೊಂದಿಗೆ ಅವನ್ನು ಮಾರುವವರ ಎದುರು ನಿಲ್ಲಲೇಬೇಡಿ.

ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ಚಿತ್ರ, ನಾಣ್ಯ, ಕುಶಲಕಲೆಯ ವಸ್ತುಗಳು ಪ್ರಾಚ್ಯವಸ್ತುಗಳಾಗುತ್ತವೆ, ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವಿರುವ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಕೆಲವು ಬಗೆಯವನ್ನು ನೋಂದಾಯಿಸಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಹಳೆಯ ವಿಗ್ರಹ ಕೊಂಡು ಕಳಿಸಬೇಕೆನ್ನುವವರು ಇದನ್ನು ಮರೆಯಬಾರದು. ಬೀದಿಯಲ್ಲಿ ಹರಡಿದ ಕಂಚಿನ ದೇವರ ಮೂರ್ತಿ ಯಾವುದೋ ಗುಡಿಯಿಂದ ಕದ್ದದ್ದಾಗಿರಬಹುದು, ಮೂಲ ತಿಳಿಯದಿದ್ದರೆ ಎಷ್ಟು ಅಗ್ಗವಾಗಿದ್ದರೂ ಮುಟ್ಟದಿರುವುದೇ ಸರಿ. ದಂತದ ವಸ್ತುಗಳ ಮಾರಾಟವನ್ನು ವನ್ಯಜೀವಿ ಕಾಯ್ದೆ ನಿಷೇಧಿಸಿದೆ, ಆದ್ದರಿಂದ ಅವೂ ಬೇಡ.

ಚೌಕಾಸಿಗೆ ನನ್ನ ನಿಯಮಗಳು ಸರಳವಾಗಿವೆ. ಬೆಳಗಿನ ಮೊದಲ ವ್ಯಾಪಾರವನ್ನು ಬೋಣಿ ಎಂದು ಭಾವಿಸುವ ಮಾರಾಟಗಾರರು ಆಗ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಇಷ್ಟಪಡುವುದಿಲ್ಲ, ಗಂಟು ಕಟ್ಟುವ ಹೊತ್ತಿಗೆ ಉಳಿದುದನ್ನು ಹೊತ್ತೊಯ್ಯಲು ಇಷ್ಟಪಡುವುದಿಲ್ಲ. ಈ ಎರಡು ಹೊತ್ತುಗಳೇ ಮಾತಿಗೆ ಅನುಕೂಲ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಇಳಿಸಬಾರದು, ಮತ್ತೊಬ್ಬರು ಕೈಯಲ್ಲಿ ಹಿಡಿದು ನೋಡುತ್ತಿರುವ ವಸ್ತುವಿಗೆ ಮೇಲಿನ ಬೆಲೆ ಕೂಗಬಾರದು, ವಸ್ತುವನ್ನು ಹೀಯಾಳಿಸಿ ಬೆಲೆ ಕಡಿಮೆ ಮಾಡಿಸಬಾರದು. "ಅಣ್ಣಾ, ತೂಕಕ್ಕೆ ಇಷ್ಟಾಗುತ್ತೆ, ನಿಮಗೆ ಇಷ್ಟು ಉಳಿಯಲಿ" ಎಂದು ಲೆಕ್ಕ ಬಿಚ್ಚಿಟ್ಟು ಕೇಳಿದಾಗ ಸಿಕ್ಕಷ್ಟು ಒಳ್ಳೆಯ ಬೆಲೆ ನನಗೆ ಬೇರೆ ಯಾವ ಜಾಣತನದಿಂದಲೂ ಸಿಕ್ಕಿಲ್ಲ. ಊರು ಬಿಡುವವರು ಅಪಾರ್ಟ್‌ಮೆಂಟುಗಳಲ್ಲಿ ಮನೆಸಾಮಾನು ಮಾರುವಾಗ ಮಾತ್ರ ನಾನು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಅಲ್ಲಿ ಮಾರುವವರು ಬಹುಮಟ್ಟಿಗೆ ತಮ್ಮ ತಂದೆತಾಯಿಯರ ವಸ್ತುಗಳನ್ನು ಕೊಡುತ್ತಿರುತ್ತಾರೆ, ಅದನ್ನು ಯಾರು ಬಳಸುತ್ತಿದ್ದರು ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ, ಕೆಲವೊಮ್ಮೆ ಮಾರಾಟಕ್ಕೆ ಇಡದ ಇನ್ನೊಂದನ್ನೂ ಒಳಗಿನಿಂದ ತಂದು ತೋರಿಸುತ್ತಾರೆ.

ಮನೆಗೆ ತಂದ ದಿನವೇ ತಿಕ್ಕಿ ಹೊಳಪಿಸುವ ಉತ್ಸಾಹವನ್ನು ತಡೆದುಕೊಳ್ಳಿ. ಅಡುಗೆಗೆ ಬಳಸುವ ಪಾತ್ರೆಗೆ ಹುಣಿಸೆಹಣ್ಣು, ಉಪ್ಪು ಸಾಕು. ಬರಿಯ ಇಟ್ಟು ನೋಡುವ ವಸ್ತುವಿನ ಮೇಲಿನ ಹಳೆಯ ಕಂದು ಛಾಯೆಯನ್ನು ಯಂತ್ರದ ಪಾಲಿಶ್‌ಗೆ ಕೊಟ್ಟು ತೆಗೆಸಿದರೆ ಕಾಲದ ಬೆಲೆ ಹೋಗಿ ತೂಕದ ಬೆಲೆಯಷ್ಟೇ ಉಳಿಯುತ್ತದೆ, ಕೊರೆದ ಹೆಸರೂ ಸವೆಯುತ್ತದೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ, ಎಲ್ಲಿ ಕೊಂಡದ್ದು, ಯಾವ ದಿನ, ಯಾರ ಮನೆಯದೆಂದು ಮಾರಿದವರು ಹೇಳಿದರು ಎಂಬುದನ್ನು ಚಿಕ್ಕ ಚೀಟಿಯಲ್ಲಿ ಬರೆದು ಪಾತ್ರೆಯೊಳಗೆ ಹಾಕಿಡಿ. ನನ್ನ ಬಳಿ ಇರುವ ಚಟಾಕಿನೊಳಗಿನ ಚೀಟಿಯಲ್ಲಿ ಇರುವುದು ಒಂದೇ ಸಾಲು: ಕನಕಪುರದ ಕಡೆಯ ರಾಗಿ ವ್ಯಾಪಾರಿಯ ಮನೆಯದು, ಅಜ್ಜಿ ಇದರಲ್ಲಿ ಮೊಮ್ಮಕ್ಕಳಿಗೆ ಹುರಿಗಡಲೆ ಅಳೆದು ಕೊಡುತ್ತಿದ್ದರಂತೆ.