ಅರ್ಧಕ್ಕೆ ನಿಂತ 1950ರ ಷೆವ್ರೊಲೆ: ಬೇರೆಯವರು ಶುರುಮಾಡಿದ ಕಸ್ಟಮ್ ಕಾರನ್ನು ರಸ್ತೆಗಿಳಿಸಿದ್ದು

ಬೇರೆಯವರು ಕೈಬಿಟ್ಟ ಕಾರಿನಲ್ಲಿ ಮೊದಲು ಪತ್ತೆ ಮಾಡಬೇಕಾದದ್ದು, ಕೆಲಸ ಎಲ್ಲಿ ನಿಂತಿತು, ಯಾಕೆ ನಿಂತಿತು ಅನ್ನುವುದು. ಬಹಳಷ್ಟು ಸಲ ಎಲ್ಲೋ ಒಂದು ಕಡೆ ತಪ್ಪಿದ ಅಳತೆ ಮುಂದಿನ ನಾಲ್ಕು ಕೆಲಸಕ್ಕೆ ಅಡ್ಡ ಬಂದಿರುತ್ತದೆ. ಬಿಚ್ಚಿ ಮತ್ತೆ ಮಾಡಲು ಮನಸ್ಸು ಬಾರದೆ ಕಾರು ಹಾಗೇ ಉಳಿದಿರುತ್ತದೆ. ನಾನು ತೆಗೆದುಕೊಂಡದ್ದು ಎರಡು ಬಾಗಿಲಿನ 1950ರ ಷೆವ್ರೊಲೆ. ಚಾವಣಿಯನ್ನು 3 ಇಂಚು ಇಳಿಸಿದ್ದರು. ಮುಂದೆ ಫೋರ್ಡ್ ಮಸ್ಟಾಂಗ್ 2 ಕಾರಿನ ಮಾದರಿಯ ಸಸ್ಪೆನ್ಷನ್, 350 ಘನ ಇಂಚಿನ ಸ್ಮಾಲ್ ಬ್ಲಾಕ್ (ಷೆವ್ರೊಲೆಯ ಚಿಕ್ಕ ಗಾತ್ರದ) ವಿ8 ಎಂಜಿನ್, ಟರ್ಬೊ ಹೈಡ್ರಾಮ್ಯಾಟಿಕ್ 350 ಗೇರ್‌ಬಾಕ್ಸ್. ತಿರುಗುವ ಶಾಫ್ಟು ಕೊಳವೆಯೊಳಗಿರುವ ಹಳೆಯ ಟಾರ್ಕ್ ಟ್ಯೂಬ್ ಆಕ್ಸಲ್ ತೆಗೆದು ತೆರೆದ ಶಾಫ್ಟಿನ ಆಕ್ಸಲ್ ಹಾಕಿದ್ದರು. ಮೈತುಂಬ ಬೂದು ಪ್ರೈಮರ್. ಎಂಜಿನ್ ಜೋಡಿಸಿದ ಮೇಲೆ ಒಮ್ಮೆಯೂ ಸ್ಟಾರ್ಟ್ ಆಗಿರಲಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಲೆಕ್ಕ ಹಾಕಿದೆ. ಚಾಸಿ ನಂಬರು ಕಾಗದಪತ್ರಕ್ಕೆ ತಾಳೆಯಾಗುತ್ತದೆಯೇ ನೋಡಿ, ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದು ಬ್ರೇಕು, ಬಾಗಿಲು, ಡ್ಯಾಶು ಅಂತ ಬೇರೆ ಬೇರೆ ಗುಡ್ಡೆ ಮಾಡಿದೆ. ಇಲ್ಲದ ಸಾಮಾನಿನ ಪಟ್ಟಿ ಈಗಲೇ ಬೇಕು. 350 ಎಂಜಿನ್ನಿನ ಭಾಗಗಳನ್ನು ಇವತ್ತೂ ಹೊಸದಾಗಿ ಮಾಡುತ್ತಾರೆ. ಬಾಗಿಲಿನ ಲಾಚು, ಗಾಜು ಏರಿಸುವ ಯಂತ್ರ, ಬಂಪರ್ ಬ್ರಾಕೆಟ್ಟುಗಳಿಗೇ ಹೆಚ್ಚು ಅಲೆದಾಟ. ಬೋಲ್ಟುಗಳ ತಲೆಯನ್ನೂ ನೋಡಿದೆ: ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಇನ್ನೂ ಗಟ್ಟಿಯಾದ ಗ್ರೇಡ್ 8. ಸಸ್ಪೆನ್ಷನ್ನಿನಲ್ಲಿ ಗೆರೆಯೇ ಇಲ್ಲದ ನಾಲ್ಕು ಸಿಕ್ಕವು, ಅವನ್ನು ಎಸೆದೆ. ಅಲ್ಲಿಂದ ಮುಂದಕ್ಕೆ ನಾನೇ ಬಿಚ್ಚಿ ಟಾರ್ಕ್ ರೆಂಚಿನಲ್ಲಿ ಬಿಗಿದ ಬೋಲ್ಟಿಗೆ ಮಾತ್ರ ಬಣ್ಣದ ಗೆರೆ ಎಳೆಯುತ್ತಾ ಹೋದೆ. ಗೆರೆ ಇಲ್ಲದ್ದು ಎಷ್ಟೇ ಬಿಗಿಯಾಗಿ ಕಂಡರೂ ನನ್ನ ಲೆಕ್ಕದಲ್ಲಿ ಸಡಿಲ.

ಕೆಲಸ ನಿಂತ ಜಾಗ ಎಡಗಡೆಯ ಎಕ್ಸಾಸ್ಟ್ ಹೆಡರ್, ಅಂದರೆ ಎಂಜಿನ್ನಿನ ಹೊಗೆ ಹೊರಹಾಕುವ ಪೈಪುಗಳ ಗೊಂಚಲು. ಸ್ಟೀರಿಂಗ್ ಶಾಫ್ಟು ಅದಕ್ಕೆ ತಾಗುತ್ತಿತ್ತು. ಪೈಪಿಗೆ ಸುತ್ತಿಗೆಯಲ್ಲಿ ಬಡಿದು ಜಾಗ ಮಾಡಲು ನೋಡಿದ್ದರು, ಸಾಲದೆ ಅಲ್ಲಿಗೇ ಬಿಟ್ಟಿದ್ದರು. ಅದನ್ನೇ ಹಿಂಬಾಲಿಸಿದರೆ ಎಂಜಿನ್ ಎಡಕ್ಕೆ ಸರಿದಿತ್ತು. ಎಂಜಿನ್ ಕೂತದ್ದು ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆಯ, ಅಂದರೆ ಕ್ರಾಸ್‌ಮೆಂಬರಿನ ನಡುಮಧ್ಯಕ್ಕೆ, ಆ ಕ್ರಾಸ್‌ಮೆಂಬರೇ 10 ಮಿ.ಮೀ. ಎಡಕ್ಕಿತ್ತು.

ಇದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಕಾರು ಓಡುವಾಗ ಎಷ್ಟು ಮುಂಬಾಗಿ ನಿಲ್ಲುತ್ತದೋ ಅದೇ ಓರೆಯಲ್ಲಿ ಚಾಸಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲಿಟ್ಟು, ಅಡ್ಡಕ್ಕೆ ರಸಮಟ್ಟ ಹಿಡಿದು ಸಮ ಮಾಡಿದೆ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂಗಣ್ಣಿನ ಬೋಲ್ಟಿನಿಂದ, ಮುಂದಿನ ಲೋವರ್ ಬಾಲ್ ಜಾಯಿಂಟಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಆಧಾರ ಬಿಂದು ಯಾವತ್ತೂ ಫ್ಯಾಕ್ಟರಿ ಕೊರೆದ ತೂತೇ ಆಗಿರಬೇಕು, ಹಿಂದಿನವರು ಕೊರೆದದ್ದಲ್ಲ. ಮೂಲೆಯಿಂದ ಮೂಲೆಗೆ ಎಳೆದ ಎರಡು ಅಳತೆಗಳಲ್ಲಿ 9 ಮಿ.ಮೀ. ವ್ಯತ್ಯಾಸ ಬಂತು. 3 ಮಿ.ಮೀ. ಒಳಗಿದ್ದರೆ ಬಿಟ್ಟುಬಿಡುತ್ತಿದ್ದೆ. ಈ ಮಾಡೆಲ್ಲಿನ ಮೂಲ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 115 ಇಂಚು; ನನ್ನದರಲ್ಲಿ ಎಡಗಡೆ ಅಷ್ಟು ಬಂತು, ಬಲಗಡೆ ಬರಲಿಲ್ಲ.

ವೆಲ್ಡಿಂಗ್ ಕೂಡ ನಂಬುವಂತಿರಲಿಲ್ಲ. ಮಿಗ್ ವೆಲ್ಡಿನ ಗೆರೆ ದುಂಡಗೆ ಉಬ್ಬಿ ರೈಲಿನ (ಚಾಸಿಯ ಉದ್ದ ತೊಲೆಯ) ಮೇಲೆ ಅಂಟಿಸಿದ ಹಾಗೆ ಕೂತಿತ್ತು. ಶಾಖ ಸಾಲದೆ ಬೇರು ಇಳಿಯದಿದ್ದರೆ ಹೀಗೆ ಕಾಣುತ್ತದೆ. 1 ಮಿ.ಮೀ. ಕಟಿಂಗ್ ವೀಲಿನಿಂದ ವೆಲ್ಡಿನ ಗೆರೆಯನ್ನಷ್ಟೇ ಸೀಳಿ, ರೈಲಿಗೆ ಗಾಯವಾಗದಂತೆ ಕ್ರಾಸ್‌ಮೆಂಬರ್ ಬಿಡಿಸಿದೆ. ಬರಿ ಕಬ್ಬಿಣ ಕಾಣುವ ತನಕ ಉಜ್ಜಿ, ನಡುಗೆರೆಗೆ ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡು) ಹೊಡೆಯುತ್ತಾ ಪ್ರತಿ ಟ್ಯಾಕಿಗೂ ಮೂಲೆಯಳತೆ ನೋಡಿದೆ. ಪೂರ್ತಿ ವೆಲ್ಡನ್ನೂ 25 ಮಿ.ಮೀ. ತುಂಡುತುಂಡಾಗಿ, ಬದಿ ಬದಲಿಸುತ್ತಲೇ ಹಾಕಿದೆ. ಒಂದೇ ಉಸಿರಿಗೆ ಎಳೆದರೆ ರೈಲು ಆ ಬದಿಗೆ ಸೊಟ್ಟಗಾಗುತ್ತದೆ.

ಸ್ಪ್ರಿಂಗ್ ತೆಗೆದು ಚಕ್ರವನ್ನು 50 ಮಿ.ಮೀ. ಮೇಲೆ, 50 ಮಿ.ಮೀ. ಕೆಳಗೆ ಆಡಿಸಿ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳೆಯಲೇಬೇಕು. ಕಾರು ಅದರ ಎತ್ತರದಲ್ಲಿ ನಿಂತಾಗ ಲೋವರ್ ಆರ್ಮ್ ನೆಲಕ್ಕೆ ಸಮಾನಾಂತರವಾಗಿದ್ದು, ಸ್ಟೀರಿಂಗ್ ರ‍್ಯಾಕಿನ ಒಳಕೀಲುಗಳು ಆರ್ಮಿನ ಒಳಕೀಲಿನ ಸಾಲಿಗೇ ಬಂದರೆ ಟೋ ಅಲ್ಲಾಡುವುದಿಲ್ಲ. ಮೊದಲು 6 ಮಿ.ಮೀ. ಆಡುತ್ತಿದ್ದದ್ದು ಈಗ 1.5ರ ಒಳಗೆ ಬಂತು. ಹಾಗೇ ಬಿಟ್ಟಿದ್ದರೆ ಪ್ರತಿ ಗುಂಡಿಗೂ ಕಾರು ತಾನೇ ತಿರುಗುತ್ತಿತ್ತು.

ಎಂಜಿನ್ ನಡುವಿಗೆ ಬಂದ ಮೇಲೂ ಶಾಫ್ಟಿಗೆ ಸಿಕ್ಕ ಸಂದು 5 ಮಿ.ಮೀ. ಮಾತ್ರ. ಮುಕ್ಕಾಲು ಇಂಚಿನ ಡಬಲ್ ಡಿ (ಎರಡು ಬದಿ ಚಪ್ಪಟೆಯಾದ) ಶಾಫ್ಟು, ಮೂರು ಯೂನಿವರ್ಸಲ್ ಜಾಯಿಂಟು, ನಡುವೆ ಒಂದು ಸಪೋರ್ಟ್ ಬೇರಿಂಗ್ ಹಾಕಿ 20 ಮಿ.ಮೀ. ಮಾಡಿಕೊಂಡೆ. ಮೂರು ಜಾಯಿಂಟಿಗೆ ಆ ಬೇರಿಂಗ್ ಇಲ್ಲದಿದ್ದರೆ ಶಾಫ್ಟು ನಡುವೆ ಮಡಚಿಕೊಳ್ಳುತ್ತದೆ.

ಚಕ್ರದಲ್ಲೂ ಒಂದು ಅಪಾಯ ಅಡಗಿತ್ತು. ಈ ಮಸ್ಟಾಂಗ್ 2 ಮಾದರಿಯ ಹಬ್ಬಿನಲ್ಲಿ ಐದು ಬೋಲ್ಟು ನಾಲ್ಕೂವರೆ ಇಂಚಿನ ವೃತ್ತಕ್ಕೆ, ಹಿಂದಿನ ಷೆವ್ರೊಲೆ ಆಕ್ಸಲ್ಲಿನಲ್ಲಿ ನಾಲ್ಕೂಮುಕ್ಕಾಲಕ್ಕೆ. ಬಲವಂತವಾಗಿ ಏರಿಸಿದರೆ ನಟ್ಟು ಓರೆಯಾಗಿ ಕೂರುತ್ತದೆ, ಬಿಗಿದ ಹಾಗೇ ಅನ್ನಿಸುತ್ತದೆ. ಮುಂದೆ ಷೆವ್ರೊಲೆ ವೃತ್ತಕ್ಕೆ ಕೊರೆದ ರೋಟರ್ ಹಾಕಿ ನಾಲ್ಕನ್ನೂ ಒಂದೇ ಮಾಡಿದೆ.

ಹಿಂದಿನ ಆಕ್ಸಲ್ಲಿನ ಸ್ಪ್ರಿಂಗ್ ಪ್ಯಾಡುಗಳಿಗೆ ಟ್ಯಾಕ್ ಮಾತ್ರ ಹೊಡೆದಿದ್ದರು, ಅದು ಒಳ್ಳೆಯದೇ ಆಯಿತು. ಪೂರ್ತಿ ಭಾರ ಕೂತ ಮೇಲೆ ಕೋನ ನೋಡಿದೆ: ಗೇರ್‌ಬಾಕ್ಸ್ 3 ಡಿಗ್ರಿ ಕೆಳಕ್ಕೆ, ಆಕ್ಸಲ್ಲಿನ ಪಿನಿಯನ್ (ಶಾಫ್ಟು ಸೇರುವ ಗೇರು) 2 ಡಿಗ್ರಿ ಮೇಲಕ್ಕೆ. ಎರಡರ ವ್ಯತ್ಯಾಸ 1 ಡಿಗ್ರಿ ದಾಟಿದರೆ ವೇಗ ಏರಿದಂತೆ ಕಾರಿನ ನೆಲ ನಡುಗುತ್ತದೆ.

ಎಂಜಿನ್ ಬಗ್ಗೆ ಕೈಬರಹದ ಚೀಟಿಯೊಂದು ಇತ್ತು, ಅಷ್ಟನ್ನೇ ನಂಬಲಾಗದು. ಬ್ಲಾಕಿನ ಹಿಂಭಾಗದಲ್ಲಿ 3970010 ಅಂತ ಎರಕದ ಸಂಖ್ಯೆ ಇದೆ. ಅದೇ ಎರಕದಲ್ಲಿ 350 ಅಲ್ಲದ ಎಂಜಿನ್ನುಗಳೂ ಬಂದಿವೆ. ಹೆಡ್ ಬಿಚ್ಚಿ ಅಳೆದೆ: ಬೋರ್ (ಸಿಲಿಂಡರಿನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.48 ಇಂಚು, ಅಂದರೆ 350 ಹೌದು. ಆದರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಸೇರಿಸುವ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿನ ಮೇಲೆ ಒಂದು ತೂಕದ ತುಂಡು ವೆಲ್ಡ್ ಆಗಿತ್ತು. ಅದು 400 ಎಂಜಿನ್ನಿನ ಪ್ಲೇಟು. ಹಳೆಯ 350ಕ್ಕೆ ಬೋಲ್ಟು ಸರಿಯಾಗಿಯೇ ಕೂರುತ್ತದೆ, ಬ್ಯಾಲೆನ್ಸ್ ಮಾತ್ರ ಕೆಡುತ್ತದೆ. ಗೇರ್‌ಬಾಕ್ಸ್ ಬಿಚ್ಚದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ತಿರುಗಿ ಜೋಡಿಸುವಾಗ ಟಾರ್ಕ್ ಕನ್ವರ್ಟರನ್ನು (ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ಚಿನ ಜಾಗದ ಭಾಗ) ಪೂರ್ತಿ ಒಳಕ್ಕೆ ಒತ್ತಿ, ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ 3ರಿಂದ 5 ಮಿ.ಮೀ. ಸಂದು ಇದೆಯೇ ನೋಡಬೇಕು. ಸಂದೇ ಇಲ್ಲದೆ ಬೋಲ್ಟಿನಿಂದ ಎಳೆದರೆ ಗೇರ್‌ಬಾಕ್ಸಿನ ಪಂಪು ಒಡೆಯುತ್ತದೆ.

ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಜೋಡಣೆಯ ಗ್ರೀಸು ಒಣಗಿರುತ್ತದೆ. ವಾಲ್ವುಗಳನ್ನು ಎತ್ತುವ ಕ್ಯಾಮು, ಲಿಫ್ಟರುಗಳಿಗೆ ಹೊಸದಾಗಿ ಹಚ್ಚಿದೆ, ಲಿಫ್ಟರುಗಳ ಜಾಗ ಅದಲುಬದಲಾಗದ ಹಾಗೆ. ಮೇನ್ ಕ್ಯಾಪ್ 70 ಫುಟ್-ಪೌಂಡ್, ಹೆಡ್ ಬೋಲ್ಟು 65. ಆಮೇಲೆ ಆಯಿಲ್ ಪ್ರೈಮಿಂಗ್, ಅಂದರೆ ಸ್ಟಾರ್ಟ್ ಮಾಡುವ ಮೊದಲೇ ಎಲ್ಲ ಕಡೆಗೂ ಆಯಿಲ್ ತಲುಪಿಸುವುದು. ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ಲಿನಿಂದ ಪಂಪನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾರೆ. ಬರೀ ಸರಳು ಹಾಕಿ ತಿರುಗಿಸಿದರೆ ಸಾಲದು. ಸ್ಮಾಲ್ ಬ್ಲಾಕಿನಲ್ಲಿ ಬಲಗಡೆಯ ಲಿಫ್ಟರ್ ಸಾಲಿಗೆ ಹೋಗುವ ಆಯಿಲ್ ದಾರಿ ಡಿಸ್ಟ್ರಿಬ್ಯೂಟರಿನ ಮೈಗೆ ತಾಗಿಯೇ ಹೋಗುತ್ತದೆ. ಆ ಮೈ ಇಲ್ಲದಿದ್ದರೆ ಆಯಿಲ್ ಅಲ್ಲೇ ಸೋರಿ ಒಂದು ಬದಿ ಒಣಗಿಯೇ ಉಳಿಯುತ್ತದೆ. ಹಳೆಯ ಡಿಸ್ಟ್ರಿಬ್ಯೂಟರೊಂದರ ಗೇರಿನ ಹಲ್ಲು ಉಜ್ಜಿ ತೆಗೆದು ಅದನ್ನೇ ಟೂಲ್ ಮಾಡಿಕೊಂಡೆ. ಕ್ರ್ಯಾಂಕನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಹದಿನಾರು ರಾಕರುಗಳಲ್ಲೂ ಆಯಿಲ್ ಜಿನುಗುವ ತನಕ ಬಿಡಲಿಲ್ಲ. ಮೊದಲ ಸ್ಟಾರ್ಟಿಗೆ ಸತುವಿನ ಅಂಶ ಹೆಚ್ಚಿರುವ ಆಯಿಲ್. ಐಡಲ್ಲಿಗೆ ಬಿಡದೆ ನಿಮಿಷಕ್ಕೆ 2000ದಿಂದ 2500 ಸುತ್ತಿನಲ್ಲಿ 20 ನಿಮಿಷ ಓಡಿಸಿದೆ. ಫ್ಲಾಟ್ ಟ್ಯಾಪೆಟ್ (ಚಪ್ಪಟೆ ತಳದ ಲಿಫ್ಟರಿನ) ಕ್ಯಾಮಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದರಿಂದ. ಐಡಲ್ಲಿನಲ್ಲಿ ಅದು ಸಾಲದೆ ಹೊಸ ಕ್ಯಾಮಿನ ಲೋಬು ಸವೆದುಹೋಗುತ್ತದೆ.

ಬ್ರೇಕಿನ ಪೈಪುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದೆ, ಎಲ್ಲ ತುದಿಗೂ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿದ ಅಂಚು). ಮಾಸ್ಟರ್ ಸಿಲಿಂಡರ್ (ಪೆಡಲು ಒತ್ತುವ ಪಂಪು) ಕಾರಿನ ನೆಲದಡಿಯಲ್ಲಿ, ಕ್ಯಾಲಿಪರಿಗಿಂತ ತಗ್ಗಿನಲ್ಲಿ ಇರುವುದರಿಂದ ಫ್ಲೂಯಿಡ್ ಹಿಂದಕ್ಕೆ ಇಳಿದು ಪೆಡಲು ಮೊದಲ ಸಲ ಆಳಕ್ಕೆ ಹೋಗುತ್ತದೆ. ಮುಂದಿನ ಡಿಸ್ಕಿಗೆ 2 ಪಿಎಸ್‌ಐ, ಹಿಂದಿನ ಡ್ರಮ್ಮಿಗೆ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಪೈಪಿನಲ್ಲಿ ಅಷ್ಟು ಒತ್ತಡ ಉಳಿಸುವ ಕವಾಟ) ಹಾಕಬೇಕು. ಹಿಂದಿನವರು ಎರಡನ್ನೂ 10ರದ್ದೇ ತಂದಿಟ್ಟಿದ್ದರು. ಡಿಸ್ಕಿಗೆ ಅದನ್ನು ಹಾಕಿದರೆ ಪ್ಯಾಡು ಉಜ್ಜುತ್ತಲೇ ಇದ್ದು ಕಾದುಹೋಗುತ್ತದೆ.

ಇನ್ನು ಬಾಡಿ. ಪ್ರೈಮರ್ ಹೊಡೆದ ಕಾರು ಕೆಲಸ ಮುಗಿದಂತೆ ಕಾಣುತ್ತದೆ, ಮೇಲೆ ಥಳುಕು ಒಳಗೆ ಹುಳುಕು. ಆ ಬೂದು ಪ್ರೈಮರಿಗೆ ನೀರು ತಡೆಯುವ ಗುಣವಿಲ್ಲ. ತೇವ ಹೀರಿಕೊಂಡು ಅಡಿಯಲ್ಲಿ ತುಕ್ಕು ಹಬ್ಬಿಸುತ್ತದೆ. ದಪ್ಪ ಅಳೆಯುವ ಮೀಟರ್ ಹಿಡಿದು ಇಡೀ ಮೈ ನೋಡಿದೆ. ಎಡಗಡೆಯ ಹಿಂಗಂಬದ ಬುಡದಲ್ಲಿ ಪುಟ್ಟಿ 12 ಮಿ.ಮೀ. ಇತ್ತು. 3 ಮಿ.ಮೀ. ದಾಟಿದ ಪುಟ್ಟಿ ಒಂದಲ್ಲ ಒಂದು ದಿನ ಬಿರಿಯುತ್ತದೆ. ಕೆರೆದು ನೋಡಿದರೆ ಚಾವಣಿ ಇಳಿಸಿದ ಜೋಡಣೆಗೆ ಟ್ಯಾಕ್ ಮಾತ್ರ, ನಡುನಡುವೆ ಬೆರಳಗಲ ಸಂದು. ಒಳಗಿನಿಂದ ಅಡ್ಡಪಟ್ಟಿ ಕಟ್ಟಿ ಬಾಗಿಲು ಮುಚ್ಚಿ ಅದರ ಸುತ್ತಲಿನ ಸಂದು 5 ಮಿ.ಮೀ.ಗೆ ತಂದುಕೊಂಡ ಮೇಲೆಯೇ ವೆಲ್ಡಿಂಗ್: ಒಂದು ಚುಕ್ಕೆ, 75 ಮಿ.ಮೀ. ಬಿಟ್ಟು ಇನ್ನೊಂದು, ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ಮುಂದಿನದು. ತಗಡಿನ ದಪ್ಪ 1 ಮಿ.ಮೀ. ಆಸುಪಾಸು; ಆತುರ ಮಾಡಿದರೆ ಅಲೆ ಏಳುತ್ತದೆ, ಟಿಂಕರಿಂಗ್ ದುಪ್ಪಟ್ಟಾಗುತ್ತದೆ. ಹಳೆಯ ಜೋಡಣೆಗಳಲ್ಲಿ ಸೀಸ ತುಂಬಿರುವುದೂ ಉಂಟು. ಅದಕ್ಕೆ ಗ್ರೈಂಡರ್ ಹಿಡಿಯಬಾರದು, ಪುಡಿ ವಿಷ. ಮಾಸ್ಕ್ ಕಟ್ಟಿಕೊಂಡು ಅರದಿಂದ ಉಜ್ಜಬೇಕು. ಕೊನೆಗೆ ಬರಿ ಕಬ್ಬಿಣಕ್ಕೆ ಎಪಾಕ್ಸಿ ಪ್ರೈಮರ್.

ವೈರಿಂಗ್ ಸರಿಮಾಡಲು ಹೋಗಲೇ ಇಲ್ಲ, ಎಲ್ಲ ತೆಗೆದು 12 ವೋಲ್ಟಿನ ಹೊಸದನ್ನೇ ಎಳೆದೆ. ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ದಪ್ಪ ಅರ್ತ್ ಪಟ್ಟಿ ಮೊದಲು. ಮೂಲ ಮೀಟರುಗಳು 6 ವೋಲ್ಟಿನವು, ಅವಕ್ಕೆ ವೋಲ್ಟೇಜ್ ಇಳಿಸುವ ಯೂನಿಟ್ ಬೇಕು. ಪೆಟ್ರೋಲ್ ಮೀಟರ್ 0–30 ಓಮಿನದು, ಟ್ಯಾಂಕಿನೊಳಗೆ ಹಾಕಿದ್ದ ಸೆಂಡರ್ (ಪೆಟ್ರೋಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ) 0–90ರದ್ದು. ಹಾಗೇ ಬಿಟ್ಟಿದ್ದರೆ ಮೂರನೇ ಒಂದು ಪಾಲಿಗೆ ಇಳಿಯುವ ತನಕ ಮುಳ್ಳು ಟ್ಯಾಂಕ್ ಭರ್ತಿ ಅಂತಲೇ ತೋರಿಸುತ್ತಿತ್ತು.

ಮೊದಲ 50 ಕಿ.ಮೀ. ಆದ ಮೇಲೆ ಮತ್ತೆ ಸ್ಟ್ಯಾಂಡಿಗೇರಿಸಿದೆ. ಹಿಂದಿನ ಯು ಬೋಲ್ಟಿನ ನಟ್ಟುಗಳು ಅರ್ಧ ಸುತ್ತು ಬಿಗಿ ತೆಗೆದುಕೊಂಡವು. ಹೆಡರಿನ ಪಕ್ಕದ ಸ್ಟೀರಿಂಗ್ ಶಾಫ್ಟಿನಲ್ಲಿ ಉಜ್ಜಿದ ಗುರುತಿರಲಿಲ್ಲ.