ಸ್ಟೀಮ್ ಇಂಜಿನ್ ಮಾಡೆಲ್‌ಗೆ ಡ್ರೈವರ್, ಫೈರ್‌ಮನ್ ಗೊಂಬೆ ಪೇಂಟ್ ಮಾಡೋದು ಹೇಗೆ

ಮಾಡೆಲ್ ಇಂಜಿನ್ ಎಷ್ಟೇ ಚೆನ್ನಾಗಿರ್ಲಿ, ಕ್ಯಾಬ್ (ಡ್ರೈವರ್ ನಿಲ್ಲೋ ಜಾಗ) ಖಾಲಿ ಇದ್ರೆ ನನಗೆ ನೋಡಕ್ಕಾಗಲ್ಲ. ಡೀಸೆಲ್ ಆದ್ರೆ ಗಾಜಿನ ಹಿಂದೆ ಯಾರಿದಾರೆ ಅಂತ ಅಷ್ಟು ಗೊತ್ತಾಗಲ್ಲ ಬಿಡಿ, ಆದ್ರೆ ಸ್ಟೀಮ್ ಇಂಜಿನ್ ಕ್ಯಾಬು ಹಿಂದಗಡೆ ತೆರೆದಿರುತ್ತಲ್ಲ, ಕಲ್ಲಿದ್ದಲು ಹಾಕೋರೇ ಇಲ್ದೆ ಗಾಡಿ ಓಡ್ತಿದೆ ಅನ್ನೋದು ತಕ್ಷಣ ಕಣ್ಣಿಗೆ ಬೀಳುತ್ತೆ. ನಮ್ಮ ದೊಡ್ಡಪ್ಪ ಮೀಟರ್ ಗೇಜ್ ಕಾಲದಲ್ಲಿ ಫೈರ್‌ಮನ್, ಅಂದ್ರೆ ಇಂಜಿನ್ ಬೆಂಕಿಗೆ ಕಲ್ಲಿದ್ದಲು ಹಾಕೋರು, ಆಗಿದ್ರು, ಅದಕ್ಕೇ ನಾನು ಕಟ್ಟಿರೋದು ವೈಪಿ ಅನ್ನೋ ಮೀಟರ್ ಗೇಜ್ ಸ್ಟೀಮ್ ಇಂಜಿನ್ನು, ಎಚ್‌ಒ ಸ್ಕೇಲ್, ಹಳಿ 12 ಮಿಲಿಮೀಟರ್ ಅಗಲ. ಈ ಬರಹದಲ್ಲಿ ಹೇಳ್ತಿರೋದೆಲ್ಲ ಆ ಇಂಜಿನ್ ಮೇಲೆ ನಿಂತಿರೋ ಮೂರು ಜನರನ್ನ ಪೇಂಟ್ ಮಾಡ್ತಾ ಕಲಿತಿದ್ದು.

ಮೊದಲು ಅಳತೆ. ಎಚ್‌ಒ ಅಂದ್ರೆ 1:87, ನಿಜವಾದ್ದರ 87ನೇ ಒಂದು ಭಾಗ, ಐದೂವರೆ ಅಡಿ ಆಳು ಸುಮಾರು 19 ಮಿಲಿಮೀಟರ್ ಬರ್ತಾನೆ. ಬ್ರಿಟಿಷರ ಒಒ ಸ್ಕೇಲ್ 1:76, ಅದ್ರಲ್ಲಿ ಅದೇ ಆಳು 22 ಮಿಲಿಮೀಟರ್. ಮೂರೇ ಮಿಲಿಮೀಟರ್ ತಾನೇ ಅಂತ ಒಒ ಗೊಂಬೆ ತಂದು ಎಚ್‌ಒ ಕ್ಯಾಬ್‌ನಲ್ಲಿ ನಿಲ್ಲಿಸಿದ್ರೆ ತಲೆ ಚಾವಣಿಗೆ ತಾಗುತ್ತೆ, ಕಿಟಕಿಯಲ್ಲಿ ಮುಖದ ಬದಲು ಎದೆ ಕಾಣುತ್ತೆ.

ನಮ್ಮ ಕಡೆ ಇಂಜಿನ್ ಸಿಬ್ಬಂದಿ ಥರ ಇರೋ ಗೊಂಬೆ ನನಗೆ ಅಂಗಡೀಲಿ ಸಿಕ್ಕಿಲ್ಲ, ಹಂಗಾಗಿ ಜರ್ಮನಿಯ ಪ್ರೈಸರ್ ಕಂಪನಿಯ ಪೇಂಟ್ ಮಾಡದ ಕೆಲಸಗಾರರ ಗೊಂಬೆ ತಗೊಂಡು ಬದಲಾಯಿಸ್ಕೋತೀನಿ. ಟೋಪಿಯ ಮುಂದಿನ ಅಂಚನ್ನ ಬ್ಲೇಡ್‌ನಲ್ಲಿ ಕೆರೆದು ತೆಗೀರಿ, ಆಮೇಲೆ ಟಿಶ್ಯೂ ಪೇಪರ್‌ನ 2 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ತಲೆಗೆ ಸುತ್ತಿ, ಒಂದು ತುದಿಯನ್ನ ಕಿವಿ ಹಿಂದೆ ಬಿಟ್ಬಿಡಿ. ಒಣಗಿದ ಮೇಲೆ ಥೇಟ್ ತಲೆಗೆ ಕಟ್ಟಿದ ಬಟ್ಟೆ ಥರಾನೇ ಗಟ್ಟಿಯಾಗಿ ನಿಲ್ಲುತ್ತೆ. ಕಲ್ಲಿದ್ದಲು ಇಂಜಿನ್‌ಗೆ ಡ್ರೈವರ್ ಒಬ್ರು, ಫೈರ್‌ಮನ್ ಇಬ್ರು ಅನ್ನೋದು ಮರೀಬೇಡಿ. ಎರಡನೇ ಫೈರ್‌ಮನ್ ಟೆಂಡರ್‌ನಲ್ಲಿ (ಇಂಜಿನ್ ಹಿಂದಿನ ಕಲ್ಲಿದ್ದಲು ಗಾಡೀಲಿ) ದೊಡ್ಡ ಕಲ್ಲಿದ್ದಲು ಒಡೆದು ಮುಂದಕ್ಕೆ ಎಳೀತಿರೋನು, ಅವನನ್ನ ಬಿಟ್ರೆ ಇದು ನಮ್ಮ ಇಂಜಿನ್ ಅನ್ಸಲ್ಲ.

ಪೇಂಟ್ ಮುಟ್ಟೋಕೆ ಮುಂಚೆ ಗೊಂಬೆಯನ್ನ ಬ್ಲೂಟ್ಯಾಕ್‌ನಲ್ಲಿ (ಅಂಟಿಸಿ ಮತ್ತೆ ಕೀಳಬಹುದಾದ ಮೆತ್ತನೆ ಅಂಟು) ಕ್ಯಾಬ್ ಒಳಗೆ ನಿಲ್ಲಿಸಿ ನೋಡಿ. ರೆಗ್ಯುಲೇಟರ್ (ಆವಿ ಬಿಡೋ ಹಿಡಿ) ಯಾವ ಕಡೆ ಇದೆಯೋ ಡ್ರೈವರ್ ಆ ಕಡೆ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲು ಕಂಪನಿಯ ಇಂಜಿನ್‌ಗಳಲ್ಲಿ ಡ್ರೈವರ್ ಬಲಗಡೆ ಇರ್ತಿದ್ದ, ಎಲ್ಲಾ ಇಂಜಿನ್ ಹಂಗಲ್ಲ, ನಿಮ್ಮ ಇಂಜಿನ್ ಫೋಟೋ ನೋಡ್ಕೊಂಡೇ ನಿಲ್ಲಿಸಿ. ಆಗೋದಾದ್ರೆ ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ ನಿಜವಾದ ಕ್ಯಾಬ್‌ನ ಹತ್ತಿರದಿಂದ ನೋಡಿ ಬನ್ನಿ, ಸಲಿಕೆ ಬೀಸೋಕೆ ಎಷ್ಟು ಕಮ್ಮಿ ಜಾಗ ಅಂತ ಆಗ ಗೊತ್ತಾಗುತ್ತೆ.

ಜಾಗ ಗೊತ್ತಾದ ಮೇಲೆ ಗೊಂಬೇನ ಹೊರಗೆ ತೆಗೆದು ಅಚ್ಚಿನ ಗೆರೆ ಕೆರೆದು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೊಳೀರಿ. ಒಂದು ಕಾಲಿಗೆ ಸಣ್ಣ ತೂತು ಕೊರೆದು ಗುಂಡುಪಿನ್ನಿನ ತುಂಡು ಸಿಗಿಸಿ ಕಾರ್ಕ್‌ಗೆ ಚುಚ್ಚಿದ್ರೆ ಹಿಡಿಯೋಕೂ ಆಯ್ತು, ಕೊನೇಲಿ ಕ್ಯಾಬ್ ನೆಲಕ್ಕೆ ಕೂರ್ಸೋಕೂ ಆಯ್ತು. ಹಳೇ ಲೋಹದ ಗೊಂಬೆಗಳಲ್ಲಿ ಸೀಸ ಇರಬಹುದು, ಕೆರೆದ ಪುಡಿ ಒರೆಸಿ ಹಾಕಿ ಕೈ ತೊಳ್ಕೊಳಿ, ಬ್ರಶ್ ತುದಿಯನ್ನ ಬಾಯಲ್ಲಿ ಚೂಪು ಮಾಡೋ ಅಭ್ಯಾಸ ಬಿಟ್ಬಿಡಿ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ನನ್ನ ಮೊದಲ ಜೋಡಿಯನ್ನ ಟೇಬಲ್ ಲ್ಯಾಂಪ್ ಕೆಳಗೆ ಕೂತು ಎರಡು ಭಾನುವಾರ ಪೇಂಟ್ ಮಾಡಿದ್ದೆ, ಗಾಢ ನೀಲಿ ಯೂನಿಫಾರ್ಮು, ಗಾಢ ಚರ್ಮ, ಕೈಯಲ್ಲಿ ಹಿಡಿದು ನೋಡಿದ್ರೆ ಎಷ್ಟು ಚೆಂದ ಇತ್ತು. ಕ್ಯಾಬ್‌ನಲ್ಲಿ ಇಟ್ಟೆ, ಇಬ್ರೂ ಮಾಯ, ಬರೀ ಎರಡು ಕಪ್ಪು ನೆರಳು ಅಷ್ಟೇ. ಕ್ಯಾಬ್ ಒಳಗೆ ಕತ್ತಲೆ, ಹಿಂದೆ ಕಪ್ಪು ಬಾಯ್ಲರ್, ಮೇಲೆ ಚಾವಣಿ, ನಾವು ನೋಡೋದು ಎರಡಡಿ ದೂರದಿಂದ. ಅಂದ್ರೆ ಪೇಂಟ್ ಮಾಡಬೇಕಾಗಿದ್ದು ಲ್ಯಾಂಪ್ ಬೆಳಕಿಗಲ್ಲ, ಆ ಕತ್ತಲೆಗೆ. ಅಲ್ಲಿಂದ ಈಚೆಗೆ ಪ್ರತಿ ಬಣ್ಣವನ್ನೂ ನನಗೆ ಸರಿ ಅನ್ಸಿದ್ದಕ್ಕಿಂತ ಎರಡು ಹಂತ ತಿಳಿ ಮಾಡ್ಕೋತೀನಿ, ಪ್ರತಿ ಕೋಟ್ ಒಣಗಿದ ಮೇಲೆ ಕಾರ್ಕಿಂದ ಬಿಡಿಸಿ ಕ್ಯಾಬ್ ಒಳಗಿಟ್ಟು ನೋಡ್ತೀನಿ, ಬೇಜಾರಿನ ಕೆಲಸ ಆದ್ರೆ ಇದನ್ನ ಮಾತ್ರ ತಪ್ಪಿಸಬೇಡಿ.

ಪ್ರೈಮರ್ (ಬಣ್ಣಕ್ಕೆ ಮುಂಚೆ ಕೊಡೋ ತಳದ ಕೋಟ್) ಹಂಗಾಗಿ ತಿಳಿ ಬೂದು, ಕಪ್ಪು ಬೇಡ. ಮಳೆ ಹಿಡ್ಕೊಂಡಿರೋ ದಿನ ಸ್ಪ್ರೇ ಹೊಡೀಬೇಡಿ, ತೇವಕ್ಕೆ ಮೇಲ್ಮೈ ಹಿಟ್ಟು ಉದುರಿಸಿದಂಗೆ ಆಗಿಬಿಡುತ್ತೆ. ಬ್ರಶ್ ವಿಷಯದಲ್ಲಿ 000 ಸೈಜ್ ಬೇಕೇ ಬೇಕು ಅಂತೇನಿಲ್ಲ, ಅದ್ರಲ್ಲಿ ಬಣ್ಣ ಗೊಂಬೆ ಮುಟ್ಟೋಷ್ಟರಲ್ಲಿ ಒಣಗಿರುತ್ತೆ, ತುದಿ ಚೂಪಾಗಿರೋ ಒಳ್ಳೇ 1ನೇ ನಂಬರ್ ಬ್ರಶ್ ಸಾಕು. ಅಕ್ರಿಲಿಕ್ ಬಣ್ಣವನ್ನ ಹಾಲಿನಷ್ಟು ತೆಳು ಮಾಡಿ ಎರಡ್ಮೂರು ಕೋಟ್ ಕೊಡಿ.

ಚರ್ಮಕ್ಕೆ ಡಬ್ಬಿ ಮೇಲೆ ಫ್ಲೆಶ್ ಅಂತ ಬರೆದಿರೋ ಗುಲಾಬಿ ಬಣ್ಣ ನಮ್ಮೋರಿಗೆ ಆಗಲ್ಲ. ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಚೂರು ಬಿಳಿ ಸೇರಿಸಿದ್ರೆ ಒಳ್ಳೇ ಗೋಧಿ ಕಂದು ಬರುತ್ತೆ, ಮೂರು ಜನರಿಗೂ ಸ್ವಲ್ಪ ಸ್ವಲ್ಪ ಬೇರೆ ಮಾಡ್ಕೊಳಿ. ಒಣಗಿದ ಮೇಲೆ ಬರ್ಂಟ್ ಅಂಬರ್‌ನ ನೀರು ನೀರಾಗಿ ಮಾಡಿ ಹರಿಬಿಡಿ, ಕಣ್ಣಿನ ಗುಳಿ, ಗದ್ದದ ಕೆಳಗೆ, ಬೆರಳ ಸಂದಿ, ಎಲ್ಲಾ ಕಡೆ ತಾನೇ ಹೋಗಿ ಕೂರುತ್ತೆ. ಆಮೇಲೆ ಮೂಗು, ಕೆನ್ನೆ, ಮುಂಗೈಗೆ ತಿಳಿ ಬಣ್ಣದ ಒಂದೊಂದು ಚುಕ್ಕೆ. ಕಣ್ಣು ಬರೆಯೋಕೆ ಹೋಗ್ಬೇಡಿ, 19 ಮಿಲಿಮೀಟರ್ ಆಳಿಗೆ ಕಣ್ಣಿನ ಬಿಳಿ ಹಾಕಿದ್ರೆ ಹೆದರಿ ನಿಂತಂಗೆ ಕಾಣ್ತಾನೆ, ಗುಳಿಯಲ್ಲಿರೋ ನೆರಳೇ ಕಣ್ಣು.

ಬಟ್ಟೆಗೆ ಅಲ್ಟ್ರಾಮರೀನ್ ನೀಲಿ, ಚೂರು ಬರ್ಂಟ್ ಅಂಬರ್, ಜಾಸ್ತಿ ಬಿಳಿ. ಒಗೆದು ಒಗೆದು ಬಿಳಿಚಿದ ನೀಲಿ ಬೇಕು ನಮಗೆ. ಭುಜ, ಮೊಣಕಾಲು, ಮೊಣಕೈಗೆ ಇನ್ನೊಂಚೂರು ಬಿಳಿ ಸೇರಿಸಿ ಒಣ ಬ್ರಶ್‌ನಲ್ಲಿ ಉಜ್ಜಿ. ತಲೆ ಬಟ್ಟೆ ಮಾತ್ರ ಕೆಂಪೋ ಹಳದಿಯೋ ಇರ್ಲಿ, ಕತ್ತಲೆಯಲ್ಲಿ ಮೊದಲು ಕಾಣೋದೇ ಅದು. ಕೊನೆಗೆ ಮ್ಯಾಟ್ ವಾರ್ನಿಶ್ ಒಂದು ತೆಳು ಕೋಟ್. ಅದು ಒಣಗಿದ ಮೇಲೆ ಕಪ್ಪು ಪೇಸ್ಟಲ್ ಚಾಕ್‌ನ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿ ಮಸಿ ಹಚ್ಚಿ, ಮೈಗೆಲ್ಲಾ ಅಲ್ಲ. ದೊಡ್ಡಪ್ಪ ಹೇಳೋರು, ಕೈ ಒರೆಸಿ ಒರೆಸಿ ಪ್ಯಾಂಟಿನ ತೊಡೆ ಭಾಗ ಮೊದಲು ಕಪ್ಪಾಗೋದು ಅಂತ. ಹಚ್ಚಬೇಕಾಗಿರೋದು ಅಲ್ಲಿ, ತೋಳಿನ ತುದಿಗೆ, ಕತ್ತಿನ ಹಿಂದೆ. ಡ್ರೈವರ್‌ಗೆ ಮಸಿ ಕಮ್ಮಿ, ಎಣ್ಣೆ ಜಾಸ್ತಿ, ಅವನ ಕೈಗೆ ಚಿಟಿಕೆ ಹತ್ತಿಯನ್ನ ಬೂದು ಬಣ್ಣದಲ್ಲಿ ಅದ್ದಿ ಅಂಟಿಸಿದ್ರೆ ಎಣ್ಣೆ ಒರೆಸೋ ಕಾಟನ್ ವೇಸ್ಟ್ ಆಯ್ತು.

ಸಲಿಕೆಗೆ ಗಾಢ ಬೂದು ಹಚ್ಚಿ, ಒಣಗಿದ ಮೇಲೆ ಅಲಗಿನ ಮೇಲೆ ಪೆನ್ಸಿಲ್ ತುದಿಯಿಂದ ಉಜ್ಜಿ. ದಿನವಿಡೀ ಕಲ್ಲಿದ್ದಲು ಎತ್ತಿದ ಸಲಿಕೆಯ ಅಲಗು ಹಂಗೇ ಹೊಳೀತಿರುತ್ತೆ, ಬೆಳ್ಳಿ ಪೇಂಟ್‌ನಲ್ಲಿ ಆ ಹೊಳಪು ಬರಲ್ಲ. ಇನ್ನೊಂದು ನನಗೆ ತುಂಬಾ ಇಷ್ಟವಾದ್ದು ಟೋಕನ್. ಸಿಂಗಲ್ ಲೈನ್‌ನಲ್ಲಿ ಗಾಡಿ ಮುಂದೆ ಹೋಗೋಕೆ ಅನುಮತಿಯಾಗಿದ್ದ ಬ್ಲಾಕ್ ಟೋಕನ್ನಿನ ಗುಂಡನ್ನ ಚರ್ಮದ ಚೀಲದಲ್ಲಿ ಹಾಕಿ, ಅದಕ್ಕೆ ದೊಡ್ಡ ಬೆತ್ತದ ಬಳೆ ಕಟ್ಟಿ ಕೊಡೋರು, ಓಡೋ ಗಾಡಿಯಿಂದ ತೋಳು ಚಾಚಿ ಅದನ್ನ ಹಿಡೀಬೇಕಿತ್ತು. ವೈರ್ ಒಳಗಿನ ಕೂದಲಿನಂಥ ತಾಮ್ರದ ಎಳೆಯೊಂದನ್ನ ಬಾಲ್‌ಪೆನ್ ರೀಫಿಲ್‌ಗೆ ಸುತ್ತಿ ಬಳೆ ಮಾಡಿ, ಕಂದು ಬಣ್ಣ ಹಚ್ಚಿ, ಕೆಳಗೆ ಕಾಗದದ ಚೀಲ ಅಂಟಿಸಿ ಫೈರ್‌ಮನ್ ತೋಳಿಗೆ ಹಾಕಿ.

ಅಂಟಿಸೋಕೆ ಸೂಪರ್ ಗ್ಲೂ ಬೇಡ, ಅದರ ಆವಿ ಕಿಟಕಿ ಪ್ಲಾಸ್ಟಿಕ್ ಮೇಲೆ ಬೆಳ್ಳಗೆ ಮಂಜು ಕೂರಿಸುತ್ತೆ, ಪಿನ್ ಇದ್ದೇ ಇದೆ, ಒಂದು ಹನಿ ಫೆವಿಕಾಲ್ ಸಾಕು. ನಿಜವಾದ ಆವಿಯಲ್ಲಿ ಓಡೋ ಲೈವ್ ಸ್ಟೀಮ್ ಇಂಜಿನ್ ನಿಮ್ದಾದ್ರೆ ಬಾಯ್ಲರ್ ಪಕ್ಕ ಪ್ಲಾಸ್ಟಿಕ್ ಗೊಂಬೆ ಬಿಸಿಗೆ ಬಗ್ಗುತ್ತೆ, ಲೋಹದ್ದೇ ಇರ್ಲಿ. ಮೊದಲ ಫೈರ್‌ಮನ್‌ನ ಎರಡೂ ಕಾಲು ಇಂಜಿನ್ ನೆಲದ ಮೇಲೇ ಇರ್ಬೇಕು, ಒಂದು ಕಾಲು ಟೆಂಡರ್ ಮೇಲಿಟ್ರೆ ಕರ್ವ್‌ನಲ್ಲಿ ಎರಡೂ ಬೇರೆ ಬೇರೆ ಕಡೆ ತಿರುಗಿ ಕಾಲೇ ಮುರಿಯುತ್ತೆ. ಎರಡನೆಯವನು ಪೂರ್ತಿ ಟೆಂಡರ್ ಮೇಲೆ. ಫೆವಿಕಾಲ್ ಹಾಕೋಕೆ ಮುಂಚೆ ಪಿನ್ ಮೇಲಷ್ಟೇ ನಿಲ್ಲಿಸಿ, ನಿಮ್ಮ ಮಾಡೆಲ್ ಹಳಿ ಲೇಔಟ್‌ನ ಅತಿ ಬಿಗಿ ಕರ್ವ್‌ನಲ್ಲಿ ಗಾಡೀನ ಕೈಯಲ್ಲೇ ನಿಧಾನ ತಳ್ಳಿ, ಎರಡೂ ದಿಕ್ಕಿಗೆ, ಸಲಿಕೆ ಹಿಡಿ ಟೆಂಡರ್‌ಗೆ ಎಲ್ಲೂ ತಗಲ್ಲ ಅಂತ ಖಾತ್ರಿ ಆದ್ಮೇಲೆ ಅಂಟಿಸಿ.