ಗ್ಯಾಸ್ ಅಲಾರಂ ಕೂಗಿದರೆ ಸಾಲದು, ಜನರೇಟರ್ ನಿಲ್ಲಬೇಕು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಲ್ಯಾಣ ಮಂಟಪ, ಹೋಂಸ್ಟೇ ಅಂದ ಮೇಲೆ ಡೀಸೆಲ್ ಜನರೇಟರ್ ಇರಲೇಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಜಾಗ ಸಾಲದೆ ಎಷ್ಟೋ ಕಡೆ ಜನರೇಟರ್ ಅಡುಗೆಮನೆಯ ಹಿಂದೆ, 19 ಕೆ.ಜಿ. ಸಿಲಿಂಡರ್‌ಗಳ ಹತ್ತಿರವೇ ಕೂತಿರುತ್ತದೆ. ಹಾಗಾಗಿ ಗ್ಯಾಸ್ ಸೋರಿದರೆ ಎಂಜಿನ್ ತಾನಾಗಿ ನಿಲ್ಲುವ ವ್ಯವಸ್ಥೆ ಹಾಕಿಸುತ್ತಾರೆ. ಪರೀಕ್ಷೆಯ ದಿನ ಮಾತ್ರ ಟೆಸ್ಟ್ ಬಟನ್ ಒತ್ತಿ, ಕೀ ಅಂತ ಕೂಗಿದ ಕೂಡಲೇ ಕೈ ತೊಳೆದುಕೊಳ್ಳುತ್ತಾರೆ. ಆ ಬಟನ್ ಸಾಮಾನ್ಯವಾಗಿ ನೋಡುವುದು ಬಜರ್ ಮತ್ತು ದೀಪವನ್ನಷ್ಟೇ. ಸೆನ್ಸರ್ ಕೆಟ್ಟಿದ್ದರೂ ಅದು ಕೂಗಬಹುದು.

ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಒಲೆ ಆರಿಸಿ, ಬಾಗಿಲು ಕಿಟಕಿ ತೆಗೆಯಿರಿ. ಮದುವೆ ಇರುವ ದಿನ ಈ ಕೆಲಸ ಬೇಡ.

ಸೆನ್ಸರ್ ಎಲ್ಲಿದೆ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಸೆನ್ಸರ್ ನೆಲದಿಂದ ಸುಮಾರು 30 ಸೆಂ.ಮೀ. ಒಳಗಿರಬೇಕು. ಚಾವಣಿಗೆ ಹೊಡೆದಿದ್ದರೆ ಪರೀಕ್ಷೆ ಆಮೇಲೆ, ಮೊದಲು ಕೆಳಗಿಳಿಸಿ. ಜಾಲರಿಯಲ್ಲಿ ಬೂಷ್ಟು, ಕಣಜ ಮೆತ್ತಿದ ಮಣ್ಣು ಇದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಸ್ಪ್ರೇ ಹೊಡೆಯಬೇಡಿ. ಸಿಲಿಕೋನ್ ಇರುವ ಪಾಲಿಶ್, ಸೀಲಂಟ್ ಹತ್ತಿರ ಬಂದರೂ ಕೆಲವು ಬಗೆಯ ಸೆನ್ಸರ್ ಮಂಕಾಗಿಬಿಡುತ್ತದೆ.

ಇನ್ನು ಗ್ಯಾಸ್ ತೋರಿಸುವುದು. ಸಿಗರೇಟ್ ಲೈಟರ್ ಒತ್ತಿ ಹಿಡಿಯುವವರೇ ಜಾಸ್ತಿ. ಅದು ಸೆನ್ಸರ್‌ಗೆ ಒಮ್ಮೆಲೇ ವಿಪರೀತ ಗ್ಯಾಸ್ ಕೊಡುತ್ತದೆ, ಎಷ್ಟಕ್ಕೆ ಅಲಾರಂ ಬಂತು ಅನ್ನೋದು ತಿಳಿಯುವುದೇ ಇಲ್ಲ. ಗಾಳಿಯಲ್ಲಿ ಶೇ 2ರಷ್ಟು ಎಲ್‌ಪಿಜಿ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಡಿಟೆಕ್ಟರ್, ಅಂದರೆ ಸೆನ್ಸರ್ ಇರುವ ಅಲಾರಂ ಸಾಧನ, ಈ ಮಿತಿಯನ್ನೇ 100 ಅಂತ ಇಟ್ಟುಕೊಂಡು ಅಳೆಯುತ್ತದೆ. ಅನೇಕ ಕಡೆ 20ಕ್ಕೆ ಎಚ್ಚರಿಕೆ, 40ಕ್ಕೆ ಎಂಜಿನ್ ಬಂದ್ ಅಂತ ಸೆಟ್ ಮಾಡಿರುತ್ತಾರೆ. ಅಳತೆ ಗೊತ್ತಿರುವ ಕ್ಯಾಲಿಬ್ರೇಷನ್ ಗ್ಯಾಸ್ ಡಬ್ಬಿಯನ್ನೇ ತರಿಸಿ. 50ರದ್ದು ಕೊಟ್ಟರೆ ಡಿಟೆಕ್ಟರ್ 50ರ ಆಸುಪಾಸು ತೋರಿಸಬೇಕು.

ಕಷ್ಟ ಇರುವುದು ಎಂಜಿನ್ ಹತ್ತಿರ. ಪ್ಯಾನೆಲ್ ಒಳಗೆ ಕೈ ಹಾಕುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ, ಆದರೆ ಪಕ್ಕದಲ್ಲೇ ನಿಂತಿರಿ. ಲೋಡ್ ತೆಗೆದು ಜನರೇಟರ್ ಓಡಿಸಿ, ಸೆನ್ಸರ್‌ಗೆ ಗ್ಯಾಸ್ ಕೊಡಿ. ನಿಂತಿತಾ? ಇನ್ನೂ ಮುಗಿದಿಲ್ಲ. ಅಲಾರಂ ರಿಸೆಟ್ ಮಾಡದೆ ಮೇನ್ಸ್ (ಲೈನ್ ಕರೆಂಟ್) ಬಂದ್ ಮಾಡಿಸಿ. ಆಟೋ ಸ್ಟಾರ್ಟ್ ಪ್ಯಾನೆಲ್‌ಗೆ ಕರೆಂಟ್ ಹೋಯಿತು ಅನ್ನೋದಷ್ಟೇ ಕಾಣುತ್ತದೆ. ಇಂಟರ್‌ಲಾಕ್ (ಅಲಾರಂ ಇರುವಾಗ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಸರಿ ಇಲ್ಲದಿದ್ದರೆ ಗ್ಯಾಸ್ ತುಂಬಿದ ಕೋಣೆಯಲ್ಲೇ ಎಂಜಿನ್‌ಗೆ ಸೆಲ್ಫ್ ಹೊಡೆಯುತ್ತದೆ! ಡಿಟೆಕ್ಟರೇ ಮೇನ್ಸ್ ಟ್ರಿಪ್ ಮಾಡುವಂತೆ ವೈರಿಂಗ್ ಮಾಡಿಸಿದ್ದರಂತೂ ಈ ಪರೀಕ್ಷೆ ಬಿಡಲೇಬೇಡಿ. ಕೀ ತಿರುಗಿಸಿಯೂ ನೋಡಿ, ಆಗಲೂ ಸ್ಟಾರ್ಟ್ ಆಗಬಾರದು.

ಮುಂದೆ ವೈರ್. ಗ್ಯಾಸ್ ಇಳಿದ ಮೇಲೆ ರಿಸೆಟ್ ಮಾಡಿ ಎಂಜಿನ್ ಮತ್ತೆ ಓಡಿಸಿ, ಡಿಟೆಕ್ಟರ್‌ನಿಂದ ಬರುವ ಸಿಗ್ನಲ್ ವೈರ್ ಬಿಚ್ಚಿಸಿ. ಎಂಜಿನ್ ನಿಲ್ಲಬೇಕು. ಕರೆಂಟ್ ಕೊಟ್ಟರೆ ಮಾತ್ರ ನಿಲ್ಲಿಸುವ ಸೊಲೆನಾಯ್ಡ್ (ಡೀಸೆಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ಸಾಧನ) ಅಗ್ಗಕ್ಕೆ ಸಿಗಬಹುದು, ಆದರೆ ಇಲಿ ವೈರ್ ಕಡಿದರೆ ಅದು ಇದ್ದೂ ಇಲ್ಲದ ಹಾಗೆ. ಕರೆಂಟ್ ಇರುವ ತನಕ ಮಾತ್ರ ಡೀಸೆಲ್ ಬಿಡುವಂಥದ್ದನ್ನೇ ಹಾಕಿಸಿ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಏನೂ ಆಗಲ್ಲ ಅನ್ನುವವರಿಗೆ ಒಂದು ಮಾತು. ಸೋರಿದ ಗ್ಯಾಸನ್ನು ಎಂಜಿನ್ ಏರ್ ಫಿಲ್ಟರ್ ಮೂಲಕ ಎಳೆದುಕೊಂಡು ಅದನ್ನೇ ಸುಡುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲದೆ ವೇಗ ಏರುತ್ತಲೇ ಹೋಗಬಹುದು. ಅದನ್ನು ತಡೆಯಲು ಗಾಳಿ ದಾರಿ ಮುಚ್ಚುವ ವಾಲ್ವ್ ಬೇಕು. ಡೀಸೆಲ್ ಮತ್ತು ಗಾಳಿ ಒಟ್ಟಿಗೆ ನಿಂತಾಗ ಈ ವಾಲ್ವ್ ಜಾಮ್ ಆಗಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೇ, ಡೀಸೆಲ್ ಬರುತ್ತಿರುವಾಗ, ತಯಾರಕರು ಹೇಳಿದ ವೇಗದಲ್ಲಿ, ವಾಲ್ವ್ ಒಂದನ್ನೇ ಕೈಯಿಂದ ಟ್ರಿಪ್ ಮಾಡಿಸಿ. ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ಕುಂಟುತ್ತಾ ಓಡಿದರೆ ಎಲ್ಲೋ ಗಾಳಿ ನುಸುಳುತ್ತಿದೆ ಅಂತಲೇ ಅರ್ಥ. ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯಾ ನೋಡಿಸಿ.

ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಇಷ್ಟನ್ನೂ ಮಾಡಿಸಿ. ತಾರೀಖು, ರೀಡಿಂಗ್ ಬರೆದಿಡಿ. ಪ್ಯಾನೆಲ್ ಬಾಗಿಲು ಹಾಕುವ ಮೊದಲು ರಿಲೇ (ಸಿಗ್ನಲ್ ಬಂದಾಗ ಕೆಲಸ ಮಾಡುವ ಸ್ವಿಚ್) ಹತ್ತಿರ ಟಾರ್ಚ್ ಹಿಡಿದು ನೋಡಿ. ಸುಳ್ಳು ಅಲಾರಂ ಕಾಟ ಅಂತ ರಿಲೇ ಕೆಲಸ ಮಾಡದಂತೆ ಯಾರಾದರೂ ಅಡ್ಡ ಕೊಟ್ಟ ತುಂಡು ವೈರ್ ಇದ್ದರೆ ಕಿತ್ತು ಹಾಕಿಸಿ, ಪರೀಕ್ಷೆ ಮತ್ತೆ ಮೊದಲಿನಿಂದ ಮಾಡಿಸಿ.